ಮಿನಿಯೇಚರ್ (ಪುಟ್ಟ ಬೊಂಬೆ) ಪೇಂಟಿಂಗ್ ಅಭ್ಯಾಸಕ್ಕೆ ಬೆಂಕಿ ಜ್ವಾಲೆಯ ಪುಟ್ಟ ಮಾದರಿಗಳು ಮುಂಬೈಯಲ್ಲಿ ಎಲ್ಲಿ ಸಿಗುತ್ತವೆ?

ಬರೀ ಅಭ್ಯಾಸಕ್ಕಾದರೆ ದುಡ್ಡು ಕೊಟ್ಟು ಕೊಳ್ಳಬೇಡಿ, ಮನೆಯಲ್ಲೇ ಮಾಡಿಕೊಳ್ಳಿ.

ನಾನು ಮಾಟುಂಗಾದ ಹಾರ್ಡ್‌ವೇರ್ ಅಂಗಡಿಯಿಂದ ಎಂ-ಸೀಲ್ ತರುತ್ತೇನೆ. ನಲ್ಲಿ ಸೋರಿದರೆ ಮೆತ್ತುತ್ತೇವಲ್ಲ, ಅದೇ. ಪ್ಯಾಕೆಟ್ಟಿನಲ್ಲಿರುವ ಎರಡೂ ಉಂಡೆಗಳಿಂದ ಸಮನಾಗಿ ಚಿವುಟಿ, ಬಣ್ಣ ಒಂದೇ ಆಗುವವರೆಗೆ ನಾದಿ. ಕೈಗೆ ಗ್ಲೌಸ್ ಇರಲಿ. ಬೇಗ ಗಟ್ಟಿಯಾಗುತ್ತದೆ, ಜಾಸ್ತಿ ಕಲಸಬೇಡಿ. ಬಾಟಲಿ ಮುಚ್ಚಳದ ಮೇಲೆ ಒಂದಿಂಚು ತಾಮ್ರದ ತಂತಿ ನಿಲ್ಲಿಸಿ, ಸುತ್ತ ಶಾವಿಗೆಯಂಥ ಎಳೆಗಳನ್ನು ಮೆತ್ತಿ. ಬುಡ ದಪ್ಪ, ತುದಿ ಚೂಪು. ಎಲ್ಲಾ ನಾಲಿಗೆಗಳೂ ಒಂದೇ ಎತ್ತರ ಆದರೆ ಬೆಂಕಿ ಅನಿಸಲ್ಲ, ಬಾಚಣಿಗೆ ಅನಿಸುತ್ತದೆ! (ನನ್ನ ಮೊದಲನೆಯದು ಹಾಗೇ ಆಗಿತ್ತು.) ಒಂದೆರಡನ್ನು ತಿರುಚಿ, ಎಲ್ಲವನ್ನೂ ಒಂದೇ ಕಡೆಗೆ ವಾಲಿಸಿ, ನೀರಲ್ಲಿ ಅದ್ದಿದ ಟೂತ್‌ಪಿಕ್‌ನಿಂದ ಗೀರಿ.

ಹೆಚ್ಚಿನವರು ಎಡವುವುದು ಬಣ್ಣದಲ್ಲಿ. ಬೊಂಬೆಯ ಬಟ್ಟೆ, ಮುಖಗಳಿಗೆ ಉಬ್ಬಿದ ಕಡೆ ತಿಳಿ ಬಣ್ಣ, ತಗ್ಗಿನಲ್ಲಿ ಗಾಢ ಬಣ್ಣ ಹಚ್ಚುತ್ತೇವೆ. ಬೆಂಕಿಗೆ ಉಲ್ಟಾ. ಬೆಳಕು ಒಳಗಿಂದ ಬರುತ್ತದೆ ಅಲ್ವಾ? ಮೊದಲು ಬಿಳಿ ಪ್ರೈಮರ್ (ಬಣ್ಣ ಚೆನ್ನಾಗಿ ಹಿಡಿಯಲು ಹಚ್ಚುವ ತಳಪದರ). ಬುಡದಲ್ಲೂ ಸಂದಿಗಳಲ್ಲೂ ತೆಳು ಹಳದಿ, ಮೇಲೆ ಹೋದಂತೆ ಕಿತ್ತಳೆ, ಆಮೇಲೆ ಕೆಂಪು. ತೀರಾ ತುದಿಗೆ ಮಾತ್ರ ಚೂರು ಕಪ್ಪು. ಅನುಮಾನ ಬಂದರೆ ದೇವರ ದೀಪ ಹಚ್ಚಿ ಐದು ನಿಮಿಷ ಸುಮ್ನೆ ನೋಡಿ.

ಎಂ-ಸೀಲ್ ಬೇಡ ಅಂದರೆ ಗ್ಲೂ ಗನ್ ಬಳಸಿ. ಬೇಕಿಂಗ್ ಪೇಪರ್ ಮೇಲೆ ಅಂಟು ಬಿಟ್ಟು, ಬಿಸಿ ಇರುವಾಗಲೇ ಕಡ್ಡಿಯಿಂದ ಎಳೆದರೆ ಜ್ವಾಲೆ ಸಿದ್ಧ. ಗ್ಲೂ ಗನ್‌ಗಾಗಿ ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟಿನ ಕ್ರಾಫ್ಟ್ ಅಂಗಡಿಗಳಲ್ಲಿ ಕೇಳಿ. ರೆಡಿ ಜ್ವಾಲೆಯೇ ಬೇಕೆಂದರೆ 3ಡಿ ಪ್ರಿಂಟ್ ಮಾಡುವವರ ಹತ್ತಿರ ರೆಸಿನ್‌ನಲ್ಲಿ ಮಾಡಿಸಿ.