ಹಳೇ ಭೂತಗನ್ನಡಿ ಲ್ಯಾಂಪಿಗೆ ಎಲ್‌ಇಡಿ ಹಾಕಿಸಬಹುದಾ?

ಪ್ರಶ್ನೆ: ಸರ್, ನಾನು ಧಾರವಾಡದಲ್ಲಿ ಕಸೂತಿ ಹಾಕುತ್ತೇನೆ. ಕಪ್ಪು ಚಂದ್ರಕಾಳಿ ಸೀರೆಯಲ್ಲಿ ಎಳೆ ಎಣಿಸಲು ಟೇಬಲ್ಲಿಗೆ ಬಿಗಿಯುವಂಥ ಭೂತಗನ್ನಡಿ ಲ್ಯಾಂಪ್ ಇದೆ. ಅದರ 22 ವ್ಯಾಟಿನ ದುಂಡು ಟ್ಯೂಬ್ ಹೋಗಿದೆ, ಇಲ್ಲಿ ಎಲ್ಲೂ ಸಿಗುತ್ತಿಲ್ಲ. ಕನ್ನಡಿ, ಸ್ಪ್ರಿಂಗ್ ಎಲ್ಲಾ ಚೆನ್ನಾಗಿವೆ. ಎಲ್‌ಇಡಿ ಹಾಕಿಸಬಹುದಾ, ಹೊಸದನ್ನೇ ಕೊಳ್ಳಬೇಕಾ?

ಉತ್ತರ: ಖಂಡಿತ ಹಾಕಿಸಿ ಅಕ್ಕಾವ್ರೆ. ಗಾಜಿನ ಕನ್ನಡಿ ಇದ್ದರಂತೂ ಆ ಲ್ಯಾಂಪ್ ಬಿಡಲೇಬೇಡಿ. ಈಗಿನ ಅಗ್ಗದ ಲ್ಯಾಂಪುಗಳಲ್ಲಿ ಪ್ಲಾಸ್ಟಿಕ್ ಕನ್ನಡಿ ಜಾಸ್ತಿ, ಒರೆಸಿ ಒರೆಸಿಯೇ ಅದರ ಮೇಲೆ ಗೀರು ಬೀಳುತ್ತದೆ.

ಮೊದಲ ಮಾತು ಕರೆಂಟಿನದು. ಈಗ 230 ವೋಲ್ಟ್ ಆ ಮಡಚುವ ಕೈಯೊಳಗಿಂದ ಹಾದು ನಿಮ್ಮ ಹಣೆಯ ಹತ್ತಿರದ ತನಕ ಬರುತ್ತದೆ, ಕೀಲು ಇರುವ ಕಡೆಯೆಲ್ಲ ವೈರ್ ವರ್ಷಗಟ್ಟಲೆ ಮಡಚಿ ಮಡಚಿ ಸವೆದಿರುತ್ತದೆ. ಎಲ್‌ಇಡಿಗೆ ಹೋಗುವಾಗ ಇದನ್ನು ತಪ್ಪಿಸಬಹುದು. ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇರಲಿ, ಅಲ್ಲಿಂದ ಮೇಲಕ್ಕೆ ಬರೀ 12 ವೋಲ್ಟ್ ಹೋಗಲಿ. ಹಳೇ ವೈರ್ ಪೂರ್ತಿ ತೆಗೆಸಿ ಹೊಸದು ಎಳೆಸಿ. ಮನೆಯಲ್ಲಿ ಹಳೇ ರೂಟರಿನ ಅಡಾಪ್ಟರ್ ಇದ್ದರೆ ಅದರ ಮೇಲಿನ ಚೀಟಿ ನೋಡಿ. 12 ವೋಲ್ಟ್ ಡಿಸಿ, 1 ಆಂಪ್ ಅಂತ ಬರೆದಿದ್ದರೆ ಅದೇ ಸಾಕು.

ಕೆಲವು ಮೆಕ್ಯಾನಿಕ್‌ಗಳು ಸೀಲಿಂಗ್ ಲೈಟಿನ ದುಂಡು ಪ್ಲೇಟ್ ತಂದು ನೇರವಾಗಿ ಮೇನ್ಸಿಗೆ ಕೊಡುತ್ತಾರೆ. ಬೇಡ ಅನ್ನಿ. ಡ್ರೈವರ್, ಅಂದರೆ ಎಲ್‌ಇಡಿಗೆ ಬೇಕಾದಷ್ಟೇ ಕರೆಂಟ್ ಕೊಡುವ ಸರ್ಕ್ಯೂಟ್, ಅದೇ ಪ್ಲೇಟಿನ ಮೇಲೆ ಇರುವಂಥವುಗಳಲ್ಲಿ ಎಲ್‌ಇಡಿ ಕಾಳುಗಳ ತನಕ ಮೇನ್ಸ್ ಕರೆಂಟ್ ಇರುತ್ತದೆ. ಕೈಗೆ ಸಿಗುವ ಲ್ಯಾಂಪಿಗೆ ಅದು ಸಲ್ಲದು.

ಇನ್ನು ಸ್ಟ್ರಿಪ್, ಅಂದರೆ ಎಲ್‌ಇಡಿಗಳನ್ನು ಸಾಲಾಗಿ ಕೂರಿಸಿದ ಪಟ್ಟಿ. ಮೀಟರಿಗೆ 120 ಎಲ್‌ಇಡಿ ಇರುವ 12 ವೋಲ್ಟಿನದು ತಗೊಳ್ಳಿ. ದುಂಡು ಸುತ್ತಲು ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ ಬೇಕು, ಐದಾರು ವ್ಯಾಟ್ ಆಯಿತು. ಕಡಿಮೆ ಅನ್ನಿಸಬಹುದು, ಆದರೆ ಟ್ಯೂಬಿನ ಬೆಳಕು ಸುತ್ತಲೂ ಹರಡಿ ಅರ್ಧಕ್ಕರ್ಧ ಮೇಲೇ ಪೋಲಾಗುತ್ತಿತ್ತು, ಇದು ಕೆಳಗೇ ಬೀಳುತ್ತದೆ. ಒಂದು ತೊಡಕಿದೆ. ಮಾಮೂಲಿ ಸ್ಟ್ರಿಪ್ ಅಡ್ಡಕ್ಕೆ ಬಾಗುವುದಿಲ್ಲ. ಹಾಗಾಗಿ ಎಲ್ಲರೂ ಅದನ್ನು ಒಳಗೋಡೆಗೆ ಅಂಟಿಸಿಬಿಡುತ್ತಾರೆ, ಬೆಳಕು ಬಟ್ಟೆಗೆ ಬೀಳದೆ ಕನ್ನಡಿಯ ಅಂಚಿಗೆ ಹೊಡೆದು ಕಣ್ಣು ಕೋರೈಸುತ್ತದೆ. ಕತ್ತರಿ ಗುರುತು ಇರುವ ಕಡೆ, ಅಂದರೆ ಮೂರು ಮೂರು ಎಲ್‌ಇಡಿಗೆ ಒಂದರಂತೆ ತುಂಡು ಮಾಡಿ, ಕೆಳಮುಖವಾಗಿ ಅಂಟಿಸಿ, ಸಣ್ಣ ವೈರ್ ಬೆಸುಗೆ ಹಾಕಿಸಿ. ಅಂಟಿಸುವ ಮೊದಲು ಜಾಗವನ್ನು ಸ್ಪಿರಿಟ್‌ನಿಂದ ಒರೆಸಿ. ಮೇಲೆ ಹಾಲುಬಣ್ಣದ ತೆಳು ಪ್ಲಾಸ್ಟಿಕ್ ಹೊದಿಸಿ, ಇಲ್ಲದಿದ್ದರೆ ರೇಷ್ಮೆ ದಾರದ ಮೇಲೆ ಚುಕ್ಕಿ ಚುಕ್ಕಿ ಹೊಳಪು ಕಾಣುತ್ತದೆ.

ನಿಮ್ಮ ಕೆಲಸಕ್ಕೆ ಇನ್ನೊಂದು ಮಾಡಿಸಿಕೊಳ್ಳಿ, ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಉಂಗುರವನ್ನು ಎಡ, ಬಲ ಅಂತ ಎರಡು ಭಾಗ ಮಾಡಿಸಿ ಒಂದೊಂದಕ್ಕೂ ಬೇರೆ ಸ್ವಿಚ್ ಇಡಿಸಿ. ಕಪ್ಪು ಬಟ್ಟೆಯಲ್ಲಿ ಎಳೆ ಬಿಡಿಬಿಡಿಯಾಗಿ ಕಾಣುವುದು ನೆರಳಿನಿಂದ. ಸುತ್ತಲಿಂದಲೂ ಒಂದೇ ಸಮ ಬೆಳಕು ಬಿದ್ದರೆ ನೆರಳೇ ಇರುವುದಿಲ್ಲ, ಎಷ್ಟೇ ಬೆಳಕಿದ್ದರೂ ಬಟ್ಟೆ ಬರೀ ಕಪ್ಪಾಗಿ ಕಾಣುತ್ತದೆ. ಒಂದು ಕಡೆ ಆರಿಸಿ ನೋಡಿ, ಹಾಸು ಹೊಕ್ಕು ಎದ್ದು ಕಾಣುತ್ತವೆ. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ, ಗವಂತಿ ಹೊಲಿಗೆ ಎರಡೂ ಬದಿ ಒಂದೇ ಥರ ಬರಬೇಕು, ಒಂದು ಎಳೆ ತಪ್ಪಿದರೆ ಬಿಚ್ಚಬೇಕಾದ ಕಷ್ಟ ನಿಮಗೇ ಗೊತ್ತು.

ಬಣ್ಣದ ವಿಷಯ: 4000 ಕೆಲ್ವಿನ್ (ತೀರಾ ಹಳದಿಯೂ ಅಲ್ಲ, ನೀಲಿಯೂ ಅಲ್ಲದ ಬಿಳಿ ಬೆಳಕು), ಸಿಆರ್‌ಐ (ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಅನ್ನುವ ಅಳತೆ) 90ಕ್ಕಿಂತ ಮೇಲೆ ಅಂತ ಕೇಳಿ ತಗೊಳ್ಳಿ. ಸಿಆರ್‌ಐ ಕಡಿಮೆಯಾದರೆ ಕೆಂಪು ದಾರ ಮಂಕಾಗುತ್ತದೆ.

ಚೋಕ್ ಲ್ಯಾಂಪಿನ ತಲೆಯಲ್ಲಿದ್ದರೆ ಅದರ ವೈರ್ ಮಾತ್ರ ಬಿಚ್ಚಿಸಿ, ಚೋಕ್ ಅಲ್ಲೇ ಇರಲಿ. ತೆಗೆದರೆ ತಲೆ ಹಗುರಾಗಿ, ಸ್ಪ್ರಿಂಗಿನ ಎಳೆತಕ್ಕೆ ಕೈ ತಾನಾಗೇ ಮೇಲೇಳುತ್ತದೆ. ಹಳೇ ಟ್ಯೂಬಿನಲ್ಲಿ ಪಾದರಸ ಇರುತ್ತದೆ, ಒಡೆಯಬೇಡಿ, ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ. ಕೆಲಸ ಮುಗಿದ ಮೇಲೆ ಕನ್ನಡಿಗೆ ಬಟ್ಟೆ ಮುಚ್ಚುವುದನ್ನು ಮಾತ್ರ ಮರೆಯಬೇಡಿ. ಕಿಟಕಿಯ ಬಿಸಿಲು ಕನ್ನಡಿಯಿಂದ ಹಾದು ಬಂದರೆ ಕಪ್ಪು ಸೀರೆ ಸುಡಬಹುದು.

ಪ್ರಶ್ನೆ: ನಾನು ವಾಚ್ ರಿಪೇರಿ ಮಾಡುತ್ತೇನೆ. ದುಂಡು ಟ್ಯೂಬಿನ ಸಾಕೆಟ್ಟಿಗೇ ಕೂರುವ ರೆಡಿಮೇಡ್ ಎಲ್‌ಇಡಿ ಉಂಗುರ ಹಾಕಿದರೆ ಸಾಕಲ್ವಾ?

ಉತ್ತರ: ಸಾಕು, ಆದರೆ ಡಬ್ಬಿ ಓದಿ ತಗೊಳ್ಳಿ. ಕೆಲವು ಚೋಕ್ ಇದ್ದಂತೆಯೇ ಉರಿಯುತ್ತವೆ, ಕೆಲವಕ್ಕೆ ಚೋಕ್, ಸ್ಟಾರ್ಟರ್ ತಪ್ಪಿಸಿ ವೈರ್ ಬದಲಿಸಬೇಕು. ಹಾಗೆ ಬದಲಿಸಿದ ಸಾಕೆಟ್ಟಿಗೆ ಮುಂದೆ ಯಾರೂ ಹಳೇ ಟ್ಯೂಬ್ ಹಾಕದಂತೆ ತಲೆಯೊಳಗೆ ಒಂದು ಚೀಟಿ ಅಂಟಿಸಿ. ಲೋಹದ ಲ್ಯಾಂಪಾದರೆ ಮೂರು ಪಿನ್ ಪ್ಲಗ್ಗೇ ಇರಲಿ, ಅರ್ತ್ ವೈರ್ ಬಿಚ್ಚಬೇಡಿ.