ಡಿಫೆನ್ಸ್ ಕಾಲ್ ನೀವೇ ಮಾಡಿ, ಆದರೆ ಗಡಿಯಾರ ಬೇರೆಯವರ ಕೈಗೆ ಕೊಡಿ

ಮಕ್ಕಳ ಅಮೆರಿಕನ್ ಫುಟ್‌ಬಾಲ್ ತಂಡದ ಬಗ್ಗೆ ನೀವು ಹಾಕಿದ ಪೋಸ್ಟ್ ಓದಿ ಸುಮ್ಮನಿರಲು ಆಗಲಿಲ್ಲ ಸರ್. ಡಿಫೆನ್ಸ್ ಕೋಆರ್ಡಿನೇಟರ್ ಸೀಸನ್ ಮಧ್ಯೆಯೇ ಕೆಲಸದ ಮೇಲೆ ಬೇರೆ ಊರಿಗೆ ಹೋದರು, ಹೆಡ್ ಕೋಚ್ ಆದ ನೀವೇ ಈ ಶನಿವಾರದಿಂದ ಡಿಫೆನ್ಸ್ ಕಾಲ್ ಮಾಡುತ್ತೀರಿ (ಪ್ರತಿ ಪ್ಲೇಗೂ ಡಿಫೆನ್ಸ್ ಹೇಗೆ ಆಡಬೇಕು ಅಂತ ಹೇಳುವ ಕೆಲಸ), ಬಾಕಿ ಎಲ್ಲ ಹೇಗಿತ್ತೋ ಹಾಗೇ ಅಂತ ಬರೆದಿದ್ದೀರಿ. ಆ ಕೊನೆಯ ಮಾತೇ ಎಡವಟ್ಟು. ನಮ್ಮ ಹುಡುಗರ ತಂಡದಲ್ಲೂ ಇದೇ ದಾರಿ ಹಿಡಿದು ಕೈ ಸುಟ್ಟುಕೊಂಡಿದ್ದೇವೆ. ಆ ಕಾಲ್‌ಗಳ ಪಟ್ಟಿ, ಕಾಲ್ ಶೀಟ್, ನಿಮ್ಮ ಕೈಗೆ ಬಂತು ಅಂದರೆ ಬೇರೆ ಯಾವುದೋ ಕೆಲಸ ಕೈ ಬಿಡಲೇಬೇಕು. ಯಾವುದು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಇಲ್ಲದಿದ್ದರೆ ಬೇಡದ ಹೊತ್ತಲ್ಲಿ ಅದು ತಾನಾಗಿ ಕೈ ತಪ್ಪುತ್ತದೆ.

ಮೇಲಿನ ಕಾಮೆಂಟ್‌ಗಳಲ್ಲಿ ಎಲ್ಲರೂ ಪಾಸ್ ತಡೆಯುವ ಕವರೇಜ್‌ಗಳಲ್ಲಿ ಕವರ್ 3 ಒಳ್ಳೆಯದಾ, ಕ್ವಾರ್ಟರ್ಸ್ ಒಳ್ಳೆಯದಾ ಅಂತ ಜಗಳ ಆಡುತ್ತಿದ್ದಾರೆ. ಅದು ಆಮೇಲಿನ ಮಾತು. ನಿಮಗೆ ತೊಂದರೆ ಬರುವುದು ಡಿಫೆನ್ಸ್ ಮೈದಾನದಲ್ಲಿ ಇರುವಾಗಲ್ಲ, ಹೊರಗೆ ಬಂದ ಮೇಲೆ. ಹುಡುಗರು ಬೆಂಚಿಗೆ ಬರುತ್ತಾರೆ. ನೀವು ವೈಟ್‌ಬೋರ್ಡ್ ಹಿಡಿದು, ಮೈದಾನಕ್ಕೆ ಬೆನ್ನು ಹಾಕಿ ಮಂಡಿಯೂರಿ ಕೂರುತ್ತೀರಿ. ಕೌಂಟರ್ ಅನ್ನುವ ಓಟದ ಪ್ಲೇಯಲ್ಲಿ ಎದುರಾಳಿ ಗಾರ್ಡ್ ಜಾಗ ಬಿಟ್ಟು ಪಕ್ಕಕ್ಕೆ ಓಡಿದಾಗ (ಪುಲ್) ಯಾಕೆ ನಿಂತುಬಿಟ್ಟೆ ಅಂತ, ಡಿಫೆನ್ಸ್ ಎರಡನೇ ಸಾಲಿನ ಲೈನ್‌ಬ್ಯಾಕರ್‌ಗೆ ತೋರಿಸುತ್ತಿರುತ್ತೀರಿ. ಅಷ್ಟರಲ್ಲಿ ನಿಮ್ಮ ಅಫೆನ್ಸ್ (ಚೆಂಡು ಮುಂದೊಯ್ಯುವವರು) ಹತ್ತು ಗಜಕ್ಕೆ ಸಿಗುವ ನಾಲ್ಕು ಅವಕಾಶಗಳಲ್ಲಿ, ಅಂದರೆ ಡೌನ್‌ಗಳಲ್ಲಿ, ಮೂರು ಮುಗಿಸಿ ಫೋರ್ತ್ ಅಂಡ್ ಟೂಗೆ ಬಂದಿರುತ್ತದೆ, ಕೊನೆಯ ಡೌನ್, ಇನ್ನೂ ಎರಡು ಗಜ ಬೇಕು. ಯಾರೋ ಹಿಂದಿನಿಂದ "ಕೋಚ್, ಪಂಟಾ?" ಅಂತ, ಚೆಂಡು ದೂರ ಒದ್ದು ಎದುರಾಳಿಗೆ ಕೊಡೋಣವಾ ಅಂತ, ಕೂಗುತ್ತಾರೆ. ತಿರುಗಿ ನೋಡುವಷ್ಟರಲ್ಲಿ ಪ್ಲೇ ಕ್ಲಾಕ್ (ಮುಂದಿನ ಪ್ಲೇ ಶುರು ಮಾಡಲು ಇರುವ ಸಮಯ) ಅರ್ಧ ಖಾಲಿ. ಗಾಬರಿಯಲ್ಲಿ ಟೈಮ್‌ಔಟ್ ಕೇಳುತ್ತೀರಿ. ಕೊನೆಯ ಎರಡು ನಿಮಿಷಕ್ಕೆ ಬೇಕಿದ್ದ ಟೈಮ್‌ಔಟ್ ಅದು.

ಇದು ಹವ್ಯಾಸಿ ಕೋಚ್‌ಗಳ ಕಷ್ಟ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಶಿಕಾಗೋ ಬೇರ್ಸ್ ನೋಡಿ. 2023ರ ಸೆಪ್ಟೆಂಬರ್‌ನಲ್ಲಿ ಡಿಫೆನ್ಸ್ ಕೋಆರ್ಡಿನೇಟರ್ ಅಲನ್ ವಿಲಿಯಮ್ಸ್ ರಾಜೀನಾಮೆ ಕೊಟ್ಟರು, ಹೆಡ್ ಕೋಚ್ ಮ್ಯಾಟ್ ಎಬರ್‌ಫ್ಲಸ್ ಕಾಲ್ ಮಾಡುವ ಕೆಲಸ ತಾವೇ ತಗೊಂಡರು. ಸೀಸನ್ ಸಾಗಿದಂತೆ ಡಿಫೆನ್ಸ್ ಸುಧಾರಿಸಿತು ಕೂಡ. ಡಿಫೆನ್ಸ್ ಆಟಗಾರ ಮಾಂಟೆಜ್ ಸ್ವೆಟ್ ಬಂದ ಮೇಲಂತೂ ಜಾಸ್ತಿ. ಆದ್ದರಿಂದ ಆ ಮನುಷ್ಯನಿಗೆ ಕಾಲ್ ಮಾಡಲು ಬರುತ್ತಿರಲಿಲ್ಲ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಮುಂದಿನ ವರ್ಷ, 2024ರ ಅಕ್ಟೋಬರ್ 27ರಂದು ವಾಷಿಂಗ್ಟನ್ ಮೇಲಿನ ಪಂದ್ಯದ ಹೇಲ್ ಮೇರಿ, ಅಂದರೆ ಕೊನೆ ಗಳಿಗೆಯಲ್ಲಿ ದೇವರ ಮೇಲೆ ಭಾರ ಹಾಕಿ ಎಸೆಯುವ ಉದ್ದ ಎಸೆತ, ಎಲ್ಲರಿಗೂ ನೆನಪಿದೆ. ವಾಷಿಂಗ್ಟನ್‌ನ ಜೇಡನ್ ಡೇನಿಯಲ್ಸ್ ಎಸೆದ ಚೆಂಡು ಕೈಗಳಿಗೆ ತಾಗಿ ಪುಟಿದು ಅವರದೇ ನೋವಾ ಬ್ರೌನ್ ಕೈಗೆ ಬಂತು, ಬೇರ್ಸ್‌ಗೆ 18-15 ಸೋಲು. ಸ್ನ್ಯಾಪ್ ಆಗುವಾಗ, ಅಂದರೆ ಪ್ಲೇ ಶುರುವಾಗುವಾಗ, ಬೇರ್ಸ್‌ನ ಟೈರೀಕ್ ಸ್ಟೀವನ್‌ಸನ್ ಪ್ರೇಕ್ಷಕರ ಕಡೆ ತಿರುಗಿದ್ದ ಅಂತ ಎಲ್ಲರೂ ಅವನನ್ನೇ ಬೈದರು. ನಾನು ನಮ್ಮ ಹುಡುಗರಿಗೆ ತೋರಿಸುವುದು ಅದರ ಹಿಂದಿನ ಪ್ಲೇ. ಆರು ಸೆಕೆಂಡ್ ಉಳಿದಿತ್ತು. ಬೇರ್ಸ್ ಡಿಫೆನ್ಸ್ ಹಿಂದೆ ನಿಂತು, ವಾಷಿಂಗ್ಟನ್‌ನ ಟೆರಿ ಮೆಕ್‌ಲಾರಿನ್‌ಗೆ ಸೈಡ್‌ಲೈನ್ ಪಕ್ಕ 13 ಗಜ ಸುಲಭವಾಗಿ ಬಿಟ್ಟುಕೊಟ್ಟಿತು. ಅವನು ಹೊರಗೆ ಹೋದಾಗ ಎರಡು ಸೆಕೆಂಡ್ ಬಾಕಿ. ಆ 13 ಗಜ ಸಿಗದಿದ್ದರೆ ಆ ಕೊನೆಯ ಎಸೆತ ಇನ್ನಷ್ಟು ದೂರದಿಂದ ಬರಬೇಕಿತ್ತು.

ಅದೇ ವರ್ಷ ಥ್ಯಾಂಕ್ಸ್‌ಗಿವಿಂಗ್ ದಿನ ಡೆಟ್ರಾಯಿಟ್‌ನಲ್ಲಿ ಇನ್ನೂ ಕೆಟ್ಟದ್ದಾಯಿತು. ಬೇರ್ಸ್ 23-20 ಹಿಂದಿದ್ದರು, ಒಂದು ಟೈಮ್‌ಔಟ್ ಕೈಯಲ್ಲಿತ್ತು. ಎಸೆಯುವವನು, ಕ್ವಾರ್ಟರ್‌ಬ್ಯಾಕ್ ಕೇಲಬ್ ವಿಲಿಯಮ್ಸ್, ಚೆಂಡು ಎಸೆಯುವ ಮೊದಲೇ ನೆಲಕ್ಕೆ ಬಿದ್ದ (ಸ್ಯಾಕ್). ಅರ್ಧ ನಿಮಿಷದಷ್ಟು ಸಮಯ ಕರಗುತ್ತಾ ಹೋಯಿತು, ಟೈಮ್‌ಔಟ್ ಯಾರೂ ಕೇಳಲಿಲ್ಲ. ಕೊನೆಗೆ ಒಂದೇ ಒಂದು ಎಸೆತ, ಪಂದ್ಯ ಮುಗಿಯಿತು. ಮಾರನೇ ದಿನ ಎಬರ್‌ಫ್ಲಸ್ ಮನೆಗೆ. ಅದು ಅಫೆನ್ಸ್ ಇದ್ದ ಹೊತ್ತು, ಡಿಫೆನ್ಸ್ ಕಾಲ್ ಅದಕ್ಕೆ ನೇರ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಹೆಡ್ ಕೋಚ್ ಅನ್ನುವವನ ಮೊದಲ ಕೆಲಸ ಯಾವುದು ಅಂತ ಅಲ್ಲಿ ಗೊತ್ತಾಗುತ್ತದೆ ಅಲ್ವಾ? ಗಡಿಯಾರ, ಟೈಮ್‌ಔಟ್, ಫೋರ್ತ್ ಡೌನ್. ಕವರೇಜ್ ಆಮೇಲೆ.

ನಮಗೆ ಕೆಲಸ ಮಾಡಿದ ದಾರಿ ಹೇಳುತ್ತೇನೆ. ಒಬ್ಬರನ್ನು ಗಡಿಯಾರಕ್ಕೆ ಇಡಿ. ಅವರಿಗೆ ಬೇರೆ ಕೆಲಸ ಬೇಡ. ನೀರು ಕೊಡುವುದು, ಹೆಲ್ಮೆಟ್ ಬಿಗಿ ಮಾಡುವುದು, ಪೇರೆಂಟ್ಸ್ ಜೊತೆ ಮಾತಾಡುವುದು, ಯಾವುದೂ ಬೇಡ. ನಿಮ್ಮ ಎಡ ಭುಜದ ಪಕ್ಕ ನಿಲ್ಲಬೇಕು. ಪ್ರತಿ ಪ್ಲೇ ಆದ ಮೇಲೆ ಡೌನ್, ದೂರ, ಉಳಿದ ಸಮಯ, ಉಳಿದ ಟೈಮ್‌ಔಟ್, ಈ ನಾಲ್ಕು ಇದೇ ಕ್ರಮದಲ್ಲಿ ಜೋರಾಗಿ ಹೇಳಬೇಕು. ಅಫೆನ್ಸ್ ಥರ್ಡ್ ಡೌನ್‌ಗೆ ಬಂದ ಕೂಡಲೇ ನೀವು ವೈಟ್‌ಬೋರ್ಡ್ ಕೆಳಗಿಟ್ಟು ಎದ್ದು ನಿಲ್ಲಬೇಕು, ಮಾತು ಅರ್ಧಕ್ಕೇ ನಿಂತರೂ ಸರಿ. ಥರ್ಡ್ ಡೌನ್ ಆಡುವ ಮೊದಲೇ "ಎರಡು ಗಜದೊಳಗೆ ಉಳಿದರೆ ಆಡುತ್ತೇವೆ, ಇಲ್ಲದಿದ್ದರೆ ಪಂಟ್" ಅಂತ ಹೇಳಿಬಿಡಿ. ಫೋರ್ತ್ ಡೌನ್ ಬಂದ ಮೇಲೆ ಯೋಚನೆ ಶುರು ಮಾಡಿದರೆ ತಡವಾಯಿತು ಅಂತಲೇ ಲೆಕ್ಕ. ಒಂದು ಎಚ್ಚರಿಕೆ, ಟೈಮ್‌ಔಟ್ ಯಾರು ಕೇಳಬಹುದು ಅನ್ನುವುದು ಲೀಗ್‌ನಿಂದ ಲೀಗ್‌ಗೆ ಬೇರೆ. ರೂಲ್‌ಬುಕ್ ನೋಡಿ, ಪಂದ್ಯಕ್ಕೆ ಮುಂಚೆ ರೆಫರಿಯನ್ನೂ ಕೇಳಿ.

ಸ್ಪೆಷಲ್ ಟೀಮ್ಸ್ (ಕಿಕ್, ಪಂಟ್ ಹೊತ್ತಿನ ತಂಡ) ಸಬ್‌ಸ್ಟಿಟ್ಯೂಷನ್ ಕೂಡ ನೀವೇ ನೋಡುತ್ತೀರಿ ಅಂದಿದ್ದೀರಿ. ದಯವಿಟ್ಟು ಬೇಡ. 2023ರಲ್ಲಿ ಬಫಲೋ ಬಿಲ್ಸ್ ಹೆಡ್ ಕೋಚ್ ಶಾನ್ ಮೆಕ್‌ಡರ್ಮಟ್ ಕೂಡ ಡಿಫೆನ್ಸ್ ಕೋಆರ್ಡಿನೇಟರ್ ಲೆಸ್ಲಿ ಫ್ರೇಜಿಯರ್ ಬಿಟ್ಟ ಮೇಲೆ ಡಿಫೆನ್ಸ್ ಕಾಲ್ ತಾವೇ ತಗೊಂಡರು. ಆ ನವೆಂಬರ್‌ನಲ್ಲಿ ಡೆನ್ವರ್ ತಂಡದ ಕಿಕ್ಕರ್ ವಿಲ್ ಲಟ್ಜ್ ಕೊನೆಯಲ್ಲಿ ಫೀಲ್ಡ್ ಗೋಲ್ ಕಿಕ್ ಮಿಸ್ ಮಾಡಿದ, ಬಿಲ್ಸ್ ಗೆದ್ದೆವು ಅಂದುಕೊಂಡರು. ಆದರೆ 11 ಜನ ಇರಬೇಕಾದ ಮೈದಾನದಲ್ಲಿ ಬಿಲ್ಸ್‌ನ 12 ಜನ ಇದ್ದರು. ಪೆನಾಲ್ಟಿ, ಹತ್ತಿರದಿಂದ ಮತ್ತೊಂದು ಕಿಕ್, 24-22 ಸೋಲು. ಅಷ್ಟು ದೊಡ್ಡ ಸಿಬ್ಬಂದಿ ಇದ್ದೂ ಅವರಿಗೇ ಲೆಕ್ಕ ತಪ್ಪಿತು. ನಿಮ್ಮಲ್ಲಿರುವುದು ನಾಲ್ಕು ಜನ ಸಿಬ್ಬಂದಿ. ಬಿಲ್ಸ್ ಆಮೇಲೆ ಕೊನೆಯ ಐದೂ ಪಂದ್ಯ ಗೆದ್ದು ಡಿವಿಷನ್ ಗೆದ್ದರು, ಅದೂ ನಿಜ. ಆದರೂ 2024ಕ್ಕೆ ಮೆಕ್‌ಡರ್ಮಟ್ ಕಾಲ್ ಶೀಟ್ ಬಾಬಿ ಬ್ಯಾಬಿಚ್‌ಗೆ ಕೊಟ್ಟರು.

ಸರಿಯಾಗಿ ಮಾಡಿದವರು ಬೇಕಾದರೆ ಸಿಯಾಟಲ್ ನೋಡಿ. ಮೈಕ್ ಮೆಕ್‌ಡೊನಾಲ್ಡ್ 2024ರಲ್ಲಿ ಮೊದಲ ಸಲ ಹೆಡ್ ಕೋಚ್ ಆದರು, ಡಿಫೆನ್ಸ್ ಕಾಲ್ ತಾವೇ ಇಟ್ಟುಕೊಂಡರು. ಜೊತೆಗೆ ಅಸಿಸ್ಟೆಂಟ್ ಹೆಡ್ ಕೋಚ್ ಆಗಿ ಕರೆತಂದದ್ದು ಯಾರನ್ನು? ಅದೇ ಲೆಸ್ಲಿ ಫ್ರೇಜಿಯರ್, ಮಿನೆಸೋಟದಲ್ಲಿ ಹೆಡ್ ಕೋಚ್ ಆಗಿದ್ದವರು. ಶೀಟ್ ಹಿಡಿದವನ ಪಕ್ಕ ಹಿಂದೆ ಆ ಕುರ್ಚಿಯಲ್ಲಿ ಕೂತಿದ್ದ ಹಿರಿಯರು ಇರಬೇಕು. ನಿಮ್ಮ ಲೀಗ್‌ನಲ್ಲೂ ಮಗ ದೊಡ್ಡವನಾದ ಮೇಲೆ ಕೋಚಿಂಗ್ ಬಿಟ್ಟ ಅಪ್ಪ ಒಬ್ಬರಾದರೂ ಇದ್ದೇ ಇರುತ್ತಾರೆ. ಹೋಗಿ ಕೇಳಿ.

ಇನ್ನು ನಿಮ್ಮ ಶೀಟ್. ಫೋಟೋದಲ್ಲಿ ಅರವತ್ತರ ಹತ್ತಿರ ಕಾಲ್ ಕಂಡವು. ಹನ್ನೆರಡು ವರ್ಷದ ಮಕ್ಕಳಿಗೆ ಅಷ್ಟು ಯಾಕೆ? ಎನ್‌ಎಫ್‌ಎಲ್‌ನಲ್ಲಿ ಹಸಿರು ಚುಕ್ಕೆ ಹೆಲ್ಮೆಟ್‌ನವನ ಕಿವಿಗೆ ನೇರ ಮಾತು ಹೋಗುತ್ತದೆ, ಅಲ್ಲೂ ಪ್ಲೇ ಕ್ಲಾಕ್ 15 ಸೆಕೆಂಡ್‌ಗೆ ಇಳಿದ ಕೂಡಲೇ ರೇಡಿಯೋ ಬಂದ್. ನಿಮ್ಮ ಮಕ್ಕಳು ನಿಮ್ಮ ಕೈ ಸನ್ನೆ ನೋಡಿ, ರಿಸ್ಟ್‌ಬ್ಯಾಂಡ್‌ನಲ್ಲಿ ನಂಬರ್ ಹುಡುಕಬೇಕು. ಎರಡು ಫ್ರಂಟ್ (ಮುಂದಿನ ಸಾಲಿನ ಜೋಡಣೆ), ಮೂರು ಕವರೇಜ್, ಎರಡು ಬ್ಲಿಟ್ಜ್ (ಹೆಚ್ಚು ಜನ ನುಗ್ಗುವುದು), ಒಂದು ಗೋಲ್ ಲೈನ್ ಸಾಕು. ಆಫ್‌ಟ್ಯಾಕಲ್‌ನಂಥ ಮಾಮೂಲಿ ಓಟವನ್ನೇ ನಿಲ್ಲಿಸಲು ಬರದ ತಂಡಕ್ಕೆ ಝೋನ್ ಬ್ಲಿಟ್ಜ್‌ನಂಥ ಗೋಜಲಿನ ಪ್ಲೇ ಕಲಿಸುವ ಹುಚ್ಚು ಬಿಡಿ. ಹಿಂದೆ ನಿಲ್ಲುವ ಕೊನೆಯ ಕಾವಲುಗಾರ, ಸೇಫ್ಟಿ, ಒಬ್ಬ ಜಾರಿದರೆ ಟಚ್‌ಡೌನ್, ಆ ಮಗು ಇಡೀ ವಾರ ತಲೆ ತಗ್ಗಿಸಿಕೊಂಡು ಓಡಾಡುತ್ತದೆ. ಅದು ನಿಮ್ಮ ಶೀಟ್‌ನ ತಪ್ಪು, ಅವನದಲ್ಲ.

ರಿಸ್ಟ್‌ಬ್ಯಾಂಡ್‌ಗೆ ಕಟರ್ಸ್ ಬ್ರ್ಯಾಂಡ್ ತಗೊಳ್ಳಿ, ನಮ್ಮಲ್ಲಿ ಚೆನ್ನಾಗಿ ಬಾಳಿಕೆ ಬಂದಿದೆ. ಹೆಸರಿಲ್ಲದ ಅಗ್ಗದ ಸೆಟ್‌ನಲ್ಲಿ ಪ್ಲಾಸ್ಟಿಕ್ ಕಿಟಕಿ ಬೆವರಿಗೆ ಮಂಜಾಗಿ ಅಕ್ಷರ ಕಾಣುವುದಿಲ್ಲ. ಅಕ್ಷರ ದಪ್ಪಗೆ ಇರಲಿ, ಹಾಳೆ ಲ್ಯಾಮಿನೇಟ್ ಮಾಡಿಸಿ. ಮಳೆ ಇದ್ದರೆ ವೈಟ್‌ಬೋರ್ಡ್ ಮಾರ್ಕರ್ ಅಳಿಸಿ ಹೋಗುತ್ತದೆ, ಶಾರ್ಪಿ ಇಟ್ಟುಕೊಳ್ಳಿ. ಫಿಲ್ಮ್‌ಗೆ, ಅಂದರೆ ಪಂದ್ಯದ ವಿಡಿಯೋ ನೋಡಲು, ಹಡಲ್ (Hudl) ಆಪ್ ಸಾಕು. ಆದರೆ ಈ ವಾರ ಎದುರಾಳಿಯ ಫಿಲ್ಮ್ ಬಿಟ್ಟು ನಿಮ್ಮದೇ ಕೊನೆಯ ಪಂದ್ಯ ನೋಡಿ. ಪ್ರತಿ ಟೈಮ್‌ಔಟ್ ಯಾಕೆ ಹೋಯಿತು ಅಂತ ಬರೆದುಕೊಳ್ಳಿ. ಗುರುವಾರದ ಪ್ರಾಕ್ಟೀಸ್‌ನಲ್ಲಿ ಹತ್ತು ನಿಮಿಷ ಗಡಿಯಾರದವರ ಜೊತೆ ಎರಡು ನಿಮಿಷದ ಡ್ರಿಲ್ ಮಾಡಿ, ನೀವು ಕಾಲ್ ಕೊಡುತ್ತಾ, ಅವರು ಕೂಗುತ್ತಾ. ಅವರ ದನಿ ನಿಮಗೆ ಕೇಳದಿದ್ದರೆ ಗುರುವಾರವೇ ಬೇರೆಯವರನ್ನು ನಿಲ್ಲಿಸಿ, ಶನಿವಾರದ ತನಕ ಕಾಯಬೇಡಿ.