ಕುಟುಂಬ ಮತ್ತು ಗ್ರಾಹಕ ವಿಜ್ಞಾನದ ತರಗತಿಗೆ ಮಗಳನ್ನು ಸೇರಿಸಬಹುದೇ?

ಒಂಬತ್ತನೇ ತರಗತಿಯ ನಿಮ್ಮ ಮಗಳು ಐಚ್ಛಿಕ ವಿಷಯವಾಗಿ ಕುಟುಂಬ ಮತ್ತು ಗ್ರಾಹಕ ವಿಜ್ಞಾನವನ್ನು (ಗೃಹವಿಜ್ಞಾನವೆಂದೂ ಕರೆಯುವ ವಿಷಯ) ತೆಗೆದುಕೊಳ್ಳುತ್ತೇನೆ ಎನ್ನುತ್ತಿದ್ದಾಳೆ, ಮನೆಯಲ್ಲೇ ಕಲಿಯಬಹುದಾದ ಅಡುಗೆ ಹೊಲಿಗೆಗಳಿಗೆ ಶಾಲೆಯ ಒಂದು ವರ್ಷವನ್ನು ಕೊಡಬೇಕೇ ಎಂದು ಕೇಳಿದ್ದೀರಿ. ಈ ವಿಷಯವನ್ನು ಹಲವು ವರ್ಷ ಪ್ರೌಢಶಾಲೆಯಲ್ಲಿ ಕಲಿಸಿದವಳು ನಾನು. ಮಕ್ಕಳು ಕೈಯಾರೆ ಮಾಡಿ ಕಲಿಯುವ ವ್ಯವಸ್ಥೆ ಆ ಶಾಲೆಯಲ್ಲಿದ್ದರೆ ಧಾರಾಳವಾಗಿ ಸೇರಿಸಿ.

ಮನೆಯಲ್ಲಿ ಕಲಿಯಬಹುದು ಎಂಬುದು ನಿಜ. ಆದರೆ ಮನೆಯಲ್ಲಿ ಊಟ ಹೊತ್ತಿಗೆ ಸರಿಯಾಗಿ ಸಿದ್ಧವಾಗಬೇಕಾದ್ದರಿಂದ, ಮಗು ಕೆಡಿಸಿ ಕಲಿಯುವುದಕ್ಕೆ ಅವಕಾಶ ಕಡಿಮೆ, ಕಾರಣ ಬಿಡಿಸಿ ಹೇಳುವುದಕ್ಕೆ ಪುರುಸೊತ್ತು ಇನ್ನೂ ಕಡಿಮೆ. ಬೇಯಿಸಿದ ಆಹಾರದಲ್ಲಿ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಬೆಳೆಯುವುದು ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಎಂದು ಬಾಯಲ್ಲಿ ಹೇಳಿದರೆ ಮಕ್ಕಳು ಬರೆದುಕೊಂಡು ಮರೆಯುತ್ತಾರೆ. ಅದೇ ಬಿಸಿ ಆಹಾರವನ್ನು ಒಂದು ಆಳವಾದ ಪಾತ್ರೆಗೂ ಒಂದು ಅಗಲವಾದ ತಟ್ಟೆಗೂ ಹಾಕಿಸಿ, ನಡುಭಾಗಕ್ಕೆ ಥರ್ಮಾಮೀಟರ್ ಇಟ್ಟು ಹತ್ತು ನಿಮಿಷಕ್ಕೊಮ್ಮೆ ಓದಿಸಿದರೆ, ತಟ್ಟೆಯಲ್ಲಿರುವುದು ಆರುತ್ತಾ ಬಂದರೂ ಪಾತ್ರೆಯ ನಡುಭಾಗ ಬಿಸಿಯಾಗಿಯೇ ಇರುವುದನ್ನು ಅವರೇ ಕಾಣುತ್ತಾರೆ. ಉಳಿದ ಆಹಾರವನ್ನು ತೆಳ್ಳಗೆ ಹರಡಿ ಬೇಗ ತಣಿಸಿ ಫ್ರಿಜ್ಜಿಗೆ ಇಡಬೇಕೆಂದು ಆಮೇಲೆ ಯಾರೂ ಅವರಿಗೆ ನೆನಪಿಸಬೇಕಾಗಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು, ಹೆತ್ತವರು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳದ ಗ್ರಾಹಕ ಪಾಠಗಳು. ಒಮ್ಮೆ ಒಂದೇ ಬೆಲೆಯ, ನೋಡಲು ಒಂದೇ ಗಾತ್ರದ ಎರಡು ಪೊಟ್ಟಣಗಳನ್ನು ಮೇಜಿನ ಮೇಲೆ ಇಟ್ಟೆ. ಹಳೆಯದರಲ್ಲಿ 500 ಗ್ರಾಂ, ಹೊಸದರಲ್ಲಿ 450 ಗ್ರಾಂ ಇತ್ತು. ಬೆಲೆ ಎಷ್ಟು ಏರಿದೆ ಎಂದು ಕೇಳಿದಾಗ ಮೊದಲು ಎಲ್ಲರೂ ಏರಿಲ್ಲ ಎಂದರು, ಆಮೇಲೆ ಒಬ್ಬ ಹುಡುಗ ಶೇಕಡಾ 10 ಎಂದ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು, ತೂಕ ಇಳಿದಿರುವುದು ಶೇಕಡಾ 10, ಆದರೆ ಪ್ರತಿ ಗ್ರಾಂಗೆ ಕೊಡುವ ಹಣ ಶೇಕಡಾ 11ಕ್ಕಿಂತ ಹೆಚ್ಚಾಗಿದೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದಳು. ಗಣಿತದ ಪೀರಿಯಡ್‌ನಲ್ಲಿ ಆಕೆ ಬಾಯಿ ಬಿಡುತ್ತಿರಲಿಲ್ಲವಂತೆ. ಸಾಲದ ಪಾಠವೂ ಇದೇ ಬಗೆಯದು: 72ನ್ನು ವಾರ್ಷಿಕ ಬಡ್ಡಿದರದಿಂದ ಭಾಗಿಸಿದರೆ ಹಣ ಇಮ್ಮಡಿಯಾಗುವ ವರ್ಷಗಳು ಹೆಚ್ಚುಕಡಿಮೆ ಸಿಗುತ್ತವೆ, ಆದ್ದರಿಂದ ಶೇಕಡಾ 18ರ ಚಕ್ರಬಡ್ಡಿಯ ಸಾಲವನ್ನು ತೀರಿಸದೆ ಬಿಟ್ಟರೆ ಅದು ಸುಮಾರು 4 ವರ್ಷಗಳಲ್ಲಿ ಎರಡರಷ್ಟಾಗುತ್ತದೆ. ಸ್ವಂತ ಸಂಪಾದನೆ ಶುರುವಾಗುವ ಮೊದಲೇ ಇದು ತಿಳಿದಿರಬೇಕು.

ಇದು ವಿಜ್ಞಾನವಲ್ಲ ಎಂಬ ಅನುಮಾನ ನಿಮಗಿದ್ದರೆ, ಈ ವಿಷಯಕ್ಕೆ ಅಡಿಪಾಯ ಹಾಕಿದ ಎಲೆನ್ ಸ್ವಾಲೋ ರಿಚರ್ಡ್ಸ್ ರಸಾಯನವಿಜ್ಞಾನಿಯಾಗಿದ್ದರು, ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1873ರಲ್ಲಿ ಪದವಿ ಪಡೆದ ಮೊದಲ ಮಹಿಳೆ ಎಂಬುದನ್ನು ನೆನೆಯಬಹುದು. ಕುಡಿಯುವ ನೀರಿನ ಪರೀಕ್ಷೆ ಅವರ ಮುಖ್ಯ ಕೆಲಸಗಳಲ್ಲೊಂದು. ಗಂಡುಮಕ್ಕಳಿಗೂ ಇದು ಅಷ್ಟೇ ಅಗತ್ಯ. ಮಗ ಇದ್ದಿದ್ದರೂ ನನ್ನ ಉತ್ತರ ಇದೇ ಆಗಿರುತ್ತಿತ್ತು.

ಸೇರಿಸುವ ಮೊದಲು ಒಮ್ಮೆ ಶಾಲೆಗೆ ಹೋಗಿ ಒಲೆ, ಹೊಲಿಗೆ ಯಂತ್ರ, ತಕ್ಕಡಿಗಳು ಬಳಕೆಯಲ್ಲಿವೆಯೇ ಎಂದು ನೋಡಿ, ಹಿಂದಿನ ವರ್ಷದ ಮಕ್ಕಳ ಪುಸ್ತಕವೊಂದನ್ನು ಕೇಳಿ ಪಡೆದು ತಿರುವಿಹಾಕಿ. ಮಕ್ಕಳು ತಾವೇ ಅಳೆದು ಬರೆದ ಕೋಷ್ಟಕಗಳು, ತಪ್ಪಿಗೆ ತಾವೇ ಕಂಡುಕೊಂಡ ಕಾರಣಗಳು ಅದರಲ್ಲಿದ್ದರೆ ಹಿಂಜರಿಯಬೇಡಿ. ಬರೀ ಬರೆಸಿದ ನೋಟ್ಸ್ ಮಾತ್ರ ಇದ್ದರೆ ಮಗಳು ಬೇರೆ ವಿಷಯ ಆರಿಸಿಕೊಳ್ಳಲಿ.